ಛಟಾಕು

ಜಗದೇವಿ ಗುಡ್ಡ ಎತ್ತೋಳಲ್ಲ.
ಸಿನೆಮಾದಾಗ ತೋರಸ್ತಾರಲ್ಲ, ಕಣ್ಣು ಕೆಂಪಾಗಿ,
ಬಾಗಲ ತಾವೇ ಬಡಕೊಂಡು, ಚಾಕು ಗಾಳ್ಯಾಗ ನಿಂತು,
ಅಂಥಾದೇನೂ ಆಕಿ ಕೈಲಿ ಆಗತಿದ್ದಿಲ್ಲ.
ಛಟಾಕು ತೂಕ, ಅಷ್ಟ.
ಒಂದು ಹಿಡಿ ಬ್ಯಾಳಿ, ನಾಕು ಬಳಿ, ಒಂದು ಬೀಡಿ ಕಟ್ಟು.
ಮ್ಯಾಲ ಒಂದು ಕಾಳು ಬಿದ್ದರ ಜಗ್ಗೂದಿಲ್ಲ ಅಂತಿದ್ಲು,
ತಾನ ಕುಂತು ಹಿಸಾಬ ಮಾಡಿದಾಕಿ.

ಕಪನೂರ ದಾಲ್ ಮಿಲ್ಲಿನ ತಗಡಿನ ಕೆಳಗ
ಹದಿನಾರು ಮಂದಿ ಹೆಣ್ಮಕ್ಕಳು
ತೊಗರಿ ಬ್ಯಾಳಿ ಹಸನ ಮಾಡತಿದ್ವಿ.
ಕಿಲೋಕ್ಕ ಇಷ್ಟು ಅಂತ ಪಗಾರ.
ಸಂಜೀಕ ತಕ್ಕಡಿ ಮುಂದ ಮುನೀಮ ಧೂಳಪ್ಪ,
ಕಲ್ಲಿನ ಬಾಜೂ ಆತನ ಹೆಬ್ಬೆಟ್ಟು.
ಜೋರ ಒತ್ತತಿದ್ದಿಲ್ಲ. ಕಳವಿಗೂ ಒಂದು
ಛಟಾಕಿನ ಮರ್ಯಾದಿ ಇರ್ತದ.
ನಮ್ಮವ್ವನ ಕಾಲದಿಂದ ಆ ಹೆಬ್ಬೆಟ್ಟು ಅಲ್ಲೇ ಇತ್ತು,
ಕಲ್ಲಿನ ಜೋಡಿ ಇನ್ನೊಂದು ಕಲ್ಲಾಗಿ.

ಒಂದಿನ ಮುಳ್ಳು ನಟ್ಟ ನಡುವ ನಿಂತಿತು.
ಧೂಳಪ್ಪ ಒತ್ತಿದ. ನಿಂತಿತು.
ಜಗದೇವಿ ನೆಲಾ ನೋಡ್ಲತ್ತಿದ್ಲು, ಕಾಲಬೆರಳು ಮಡಚಿ.
ಅಂವ ಬೆರಳು ತಗದ, ಹೊಳ್ಳಿಸಿ ಹೊಳ್ಳಿಸಿ ನೋಡಿದ,
ಸಣ್ಣ ಹುಡುಗರಂಗ ಬಾಯಾಗ ಇಟಗೊಂಡ.
ಆಕಿ ಒಂದು ಆಕಳಿಕಿ ತಗದ್ಲು.
ಕೆಲಸ ಆದ ಮ್ಯಾಲ ಆಕಿಗೆ ಆಕಳಿಕಿ ಬರತಿತ್ತು,
ಅದೊಂದೇ ಗುರ್ತು.
ಆ ವಾರ ನಾವು ಹದಿನಾರು ಮಂದಿನೂ
ಅರ್ಧ ಕಿಲೋ ಬೆಲ್ಲ ಹೆಚ್ಚು ತಂದಿವಿ.

ಮುಂದ ನನ್ನ ಅಣವೀರ, ಎರಡು ವರ್ಷದಾಂವ,
ಹಳ್ಳು ನುಂಗಿದ. ಗಂಟಲಾಗ ಸಿಕ್ಕಿತು.
ತಲಿ ಕೆಳಗ ಮಾಡಿದೆ, ಬೆನ್ನು ಬಡದೆ,
ತುಟಿ ಜಾಂಬಳಿ ಹಣ್ಣಿನ ಬಣ್ಣ ಆತು.
ಆಕಿ ಓಡಿ ಬರಲಿಲ್ಲ. ಕುಂತಲ್ಲೇ ಕಣ್ಣು ಮುಚ್ಚಿದ್ಲು.
ಕೂಸಿನ ಕುತಗಿ ಚರ್ಮದ ಕೆಳಗ ಏನೋ
ಇರವಿ ಹತ್ತಿದಂಗ ಮ್ಯಾಲ ಹತ್ತಿತು. ನಾ ನೋಡೀನಿ.
ಅಂಗೈಯಾಗ ಹಳ್ಳು, ಹಸಿ, ಬೆಚ್ಚಗ.
ಅಂವ ಅತ್ತ. ಆಕಿ ಆಕಳಿಸಿದ್ಲು.
ನಾ ಆಕಿ ಕಾಲಿಗೆ ಬಿದ್ದೆ.

ಅದೇ ರಾತ್ರಿ ರೊಟ್ಟಿಯ ಮೊದಲ ತುತ್ತಿಗೆ
ನನ್ನ ಕೈ ನಿಂತಿತು.
ತಗಿಯಾಕ ಬಂದಾಕಿಗೆ
ಇಡಾಕೂ ಬರ್ತದ.

ಯಾರಿಗೂ ಹೇಳಲಿಲ್ಲ, ದೇವರಾಣಿ.
ಮರದಿನ ಮಧ್ಯಾಹ್ನ ನೋಡಿದರ
ಹದಿನೈದು ಡಬ್ಬಿ ಆ ಕಡಿ ಗ್ವಾಡಿಗೆ,
ಈ ಕಡಿ ಜಗದೇವಿ, ಆಕಿ ಪುಂಡಿಪಲ್ಯ,
ಖಾಲಿ ಚೀಲದ ಮ್ಯಾಲ ಶೇಂಗಾ ಹಿಂಡಿ.
ಯಾರೂ ಮುಟ್ಟಿದ್ದಿಲ್ಲ, ಒಂದು ಮಾತು ಅಂದಿದ್ದಿಲ್ಲ.
ಐವತ್ತು ಕಿಲೋದ ಹೆಂಗಸು
ಹತ್ತು ಮಾರು ಸರದಿದ್ಲು.
ನಮಗ್ಯಾರಿಗೂ ಆಕಳಿಕಿ ಸೈತ ಬರಲಿಲ್ಲ.

ಧೂಳಪ್ಪ ಅಡಕಿ ಸಿಕ್ಕು ಸತ್ತ ರಾತ್ರಿ
ಆಕಿ ಚಿಂಚೋಳ್ಯಾಗಿದ್ಲು, ತಂಗಿ ಬಾಣಂತನಕ್ಕ.
ಬಸ್ಸಿನ ಟಿಕೇಟು ತೋರಿಸಿದ್ಲು, ಎಲ್ಲರಿಗೂ, ಒಬ್ಬೊಬ್ಬರಿಗೆ.
ಆದರ ಮುಂಜಾನಿ ಬಂದಾಕಿ
ಬಾಗಲದಾಗ ನಿಂತು ಬಾಯಿ ತೆರದು ಆಕಳಿಸಿದ್ಲಲ್ಲ?
ರಾತ್ರಿ ಬಸ್ಸಿನ ನಿದ್ದಿಗೇಡು ಅಂದ್ಲು.
ಇರಬಹುದು.

ಮುಂದಿನ ಪಗಾರಕ್ಕ ಆಕಿ ಇದ್ದಿಲ್ಲ.
ಹೊಸ ಮುನೀಮ ಬಂದ, ಹೊಸ ಹೆಬ್ಬೆಟ್ಟು.
ಮುಳ್ಳು ತನ್ನ ಹಳೀ ಕಡಿಗೇ ವಾಲಿತು.

ಹೋದ ಬ್ಯಾಸಗಿ, ಸುಪರ್ ಮಾರ್ಕೇಟಿನ ಸಂದ್ಯಾಗ
ಎರಡೂ ಕೈಯಾಗ ಚೀಲ, ಹೆಗಲಿನಿಂದ ಸೆರಗು ಜಾರಿತು.
ಬೇವಿನ ಎಲಿ ಸೈತ ಅಲುಗದ ಬಿಸಲು.
ಸೆರಗು ತಾನ ಎದ್ದು, ತಾನ ಹೆಗಲೇರಿ
ನಿರಿಗಿ ಸುದ್ದ ಕೂತಿತು,
ಅವ್ವ ಸರಿ ಮಾಡಿದಂಗ.
ಗಾಳಿ ಇರಬೇಕು ಅಂದೆ, ಯಾರೂ ಕೇಳದಿದ್ದರೂ.

ಬೆನ್ನ ಹಿಂದ, ಬಳಿ ಅಂಗಡಿ ಕಡಿಂದ,
ಯಾರೋ ಆಕಳಿಸಿದರು.
ನಾ ಹೊಳ್ಳಿ ನೋಡಲಿಲ್ಲ.
ಉಗುಳು ನುಂಗಿದೆ,
ಇಳೀತು.